ಎಲ್ಲ ದಾಖಲೆಯೂ ಸರಿ, ಗುಡ್ಡದ ಗತಿಯೇನು?

ಮಡಿಕೇರಿ, ಸಕಲೇಶಪುರ, ಮೂಡಿಗೆರೆ, ಕೊಪ್ಪದ ಸುತ್ತಲಿನ ರಸ್ತೆಬದಿಗಳಲ್ಲಿ ‘ನಿವೇಶನಗಳು ಮಾರಾಟಕ್ಕಿವೆ’ ಎಂಬ ಫಲಕಗಳು ಈಗ ಅಪರೂಪವಲ್ಲ. ಭೂ ಪರಿವರ್ತನೆಯಾಗಿದೆ, ನಕ್ಷೆಗೆ ಅನುಮೋದನೆ ದೊರೆತಿದೆ, ಬ್ಯಾಂಕ್ ಸಾಲವೂ ಸಿಗುತ್ತದೆ ಎಂಬ ಭರವಸೆಗಳೂ ಅದರೊಡನೆ ಇರುತ್ತವೆ. ದಾಖಲೆಗಳು ಸರಿಯಾಗಿಯೇ ಇರಬಹುದು. ಆದರೆ ಆ ದಾಖಲೆಗಳು ಯಾವ ವೆಚ್ಚವನ್ನು ಲೆಕ್ಕ ಹಿಡಿದಿವೆ, ಯಾವುದನ್ನು ಬಿಟ್ಟಿವೆ ಎಂಬುದನ್ನು ಗುಡ್ಡದ ಕೆಳಗೆ ಬದುಕುವ ನಾವು ಕೇಳಲೇಬೇಕಾಗಿದೆ.

ಮೊದಲು ನಿಯಮಗಳನ್ನು ನೋಡೋಣ. ಕೃಷಿಭೂಮಿಯನ್ನು ವಸತಿಗೆ ಬಳಸಬೇಕಾದರೆ 1964ರ ಕರ್ನಾಟಕ ಭೂಕಂದಾಯ ಕಾಯ್ದೆಯ 95ನೇ ಕಲಮಿನಂತೆ ಜಿಲ್ಲಾಧಿಕಾರಿಯ ಅನುಮತಿ ಬೇಕು. ಇದನ್ನೇ ನಮ್ಮ ಜನ ‘ಅಲಿನೇಶನ್’ ಎನ್ನುತ್ತಾರೆ. ಸರ್ವೆ ನಂಬರಿನ ಒಂದು ಭಾಗವನ್ನಷ್ಟೇ ಮಾರುವುದಾದರೆ 11ಇ ನಕ್ಷೆ ಆಗಬೇಕು. ಬಡಾವಣೆಯ ವಿನ್ಯಾಸಕ್ಕೆ 1961ರ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯಡಿ ಮಂಜೂರಾತಿ ಪಡೆಯಬೇಕು. ರಸ್ತೆ, ಉದ್ಯಾನ ಹಾಗೂ ನಾಗರಿಕ ಸೌಲಭ್ಯಗಳಿಗೆ ಜಾಗ ಬಿಟ್ಟುಕೊಡಬೇಕು. 500 ಚದರ ಮೀಟರ್ ಮೀರಿದ ಭೂಮಿಯಲ್ಲಿ ನಿವೇಶನ ಮಾಡಿ ಮಾರುವವರು 2016ರ ರೇರಾ ಕಾಯ್ದೆಯಂತೆ ನೋಂದಾಯಿಸಿಕೊಳ್ಳಬೇಕು. ಮರ ಕಡಿಯಲು 1976ರ ವೃಕ್ಷ ಸಂರಕ್ಷಣಾ ಕಾಯ್ದೆಯ ಅನುಮತಿ ಬೇರೆ. ಕೊನೆಗೆ ಪಂಚಾಯಿತಿಯ ಇ-ಸ್ವತ್ತು ಖಾತೆ ಮತ್ತು ಮನೆ ಕಟ್ಟುವ ಪರವಾನಗಿ.

ಪರಿವರ್ತನಾ ಶುಲ್ಕ, ಅಳತೆಯ ಶುಲ್ಕ, ರಸ್ತೆ, ಚರಂಡಿ, ವಿದ್ಯುತ್, ಕೊಳವೆಬಾವಿ, ಮುದ್ರಾಂಕ, ನೋಂದಣಿ ಇವೆಲ್ಲದರ ವೆಚ್ಚವನ್ನೂ ಬಡಾವಣೆಗಾರ ನಿವೇಶನದ ಬೆಲೆಗೆ ಸೇರಿಸುತ್ತಾನೆ ಅಥವಾ ಕೊಳ್ಳುವವನೇ ಭರಿಸುತ್ತಾನೆ. ಇಷ್ಟೊಂದು ಕಡತಗಳಲ್ಲಿ ಒಡೆತನ ಯಾರದು, ಗಡಿ ಎಲ್ಲಿ, ಶುಲ್ಕ ಎಷ್ಟು ಎಂಬ ಪ್ರಶ್ನೆಗಳಿಗೆ ಸಿಗುವ ಮಹತ್ವ, ಇಳಿಜಾರು ಎಷ್ಟು ಕಡಿದು, ಒರತೆ ಎಲ್ಲಿ ಹುಟ್ಟುತ್ತದೆ, ಮಳೆನೀರು ಯಾರ ಗದ್ದೆಗೆ ನುಗ್ಗುತ್ತದೆ ಎಂಬ ಪ್ರಶ್ನೆಗಳಿಗೆ ಸಿಗುವುದಿಲ್ಲ. ಬಯಲುಸೀಮೆಯ ಸಮತಟ್ಟು ಹೊಲಕ್ಕೆ ಹೊಂದುವ ಪದ್ಧತಿಯನ್ನೇ ಗುಡ್ಡಕ್ಕೂ ಹೊದಿಸಲಾಗಿದೆ.

ಸಣ್ಣದೊಂದು ಲೆಕ್ಕವನ್ನು ಗಮನಿಸಿರಿ. ವರ್ಷಕ್ಕೆ 3,000 ಮಿಲಿಮೀಟರ್ ಮಳೆ ಬೀಳುವ ಊರಿನಲ್ಲಿ ಒಂದು ಎಕರೆಯ ಮೇಲೆ ಸುರಿಯುವ ನೀರು ಸುಮಾರು 1 ಕೋಟಿ 20 ಲಕ್ಷ ಲೀಟರ್. ಮರಗಳ ನೆರಳಿನ ಕಾಫಿ ತೋಟದಲ್ಲಿ ತರಗೆಲೆ, ಬೇರು, ಸಡಿಲ ಮಣ್ಣು ಇದರ ದೊಡ್ಡ ಪಾಲನ್ನು ತಡೆದು ನಿಧಾನವಾಗಿ ಇಂಗಿಸುತ್ತವೆ. ಅದೇ ಜಾಗವನ್ನು ಜೆಸಿಬಿಯಿಂದ ಮೆಟ್ಟಿಲು ಮೆಟ್ಟಿಲಾಗಿ ಕಡಿದಾಗ ಮೇಲ್ಭಾಗದ ಧರೆ ಆಧಾರ ಕಳೆದುಕೊಳ್ಳುತ್ತದೆ. ಕಡಿದ ಮಣ್ಣು ಕೆಳಭಾಗದಲ್ಲಿ ಸಡಿಲ ರಾಶಿಯಾಗಿ ಕೂರುತ್ತದೆ. ಛಾವಣಿ ಮತ್ತು ರಸ್ತೆಯ ನೀರೆಲ್ಲ ಒಂದೇ ಚರಂಡಿಯಲ್ಲಿ ಕೂಡಿ ಆ ರಾಶಿಯ ಮೇಲೆಯೇ ಧುಮುಕುತ್ತದೆ. ಮಳೆಗಾಲದಲ್ಲಿ ಕೆಸರು, ಬೇಸಿಗೆಯಲ್ಲಿ ಬತ್ತಿದ ಒರತೆ, ಎರಡೂ ಕೆಳಗಿನವರ ಪಾಲು.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹೆಬ್ಬೆಟ್ಟಗೇರಿ, ಜೋಡುಪಾಲದಲ್ಲಿ ಗುಡ್ಡಗಳು ಜರಿದುದನ್ನು ಕೊಡಗು ಮರೆತಿಲ್ಲ. ಅಸಾಮಾನ್ಯ ಮಳೆ ತಕ್ಷಣದ ಕಾರಣವಾಗಿತ್ತು, ನಿಜ. ಆದರೆ ಇಳಿಜಾರನ್ನು ಅವೈಜ್ಞಾನಿಕವಾಗಿ ಕಡಿದು ಮಾರ್ಪಡಿಸಿದ್ದೂ ಕಾರಣವೆಂದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ತಜ್ಞರು ಹೇಳಿದರು. ನಿರಾಶ್ರಿತರಿಗೆ ಜಂಬೂರು, ಮದೆನಾಡು, ಕರ್ಣಂಗೇರಿಗಳಲ್ಲಿ ಮನೆ ಕಟ್ಟಿಕೊಡಲು ಸರ್ಕಾರ ಮತ್ತು ದಾನಿಗಳು ಹಣ ಹೂಡಬೇಕಾಯಿತು. ಗುಡ್ಡ ಕಡಿದುದರಿಂದ ಬರುವ ಲಾಭ ಖಾಸಗಿ, ಜರಿದಾಗ ಬರುವ ವೆಚ್ಚ ಸಾರ್ವಜನಿಕ ಎಂಬ ಈ ವ್ಯವಸ್ಥೆ ಎಷ್ಟು ದಿನ ನಡೆಯಬೇಕು?

ಪರಿಸರ ಅನುಮತಿ ಇದನ್ನು ತಡೆಯದೇ ಎಂದು ವಿದ್ಯಾರ್ಥಿಗಳು ಕೇಳಬಹುದು. 2006ರ ಪರಿಸರ ಪರಿಣಾಮ ಅಧಿಸೂಚನೆಯಂತೆ 20,000 ಚದರ ಮೀಟರ್ ನಿರ್ಮಾಣ ಅಥವಾ 50 ಹೆಕ್ಟೇರ್ ವಿಸ್ತೀರ್ಣ ತಲುಪದ ಬಡಾವಣೆಗೆ ಆ ಅನುಮತಿಯೇ ಬೇಡ. ಹೀಗಾಗಿ ಒಂದೇ ಹಳ್ಳದ ಜಲಾನಯನದಲ್ಲಿ ಐದೈದು ಎಕರೆಯ ಹತ್ತು ಬಡಾವಣೆಗಳೆದ್ದರೂ ಅವುಗಳ ಒಟ್ಟು ಪರಿಣಾಮವನ್ನು ಯಾರೂ ಅಳೆಯುವುದಿಲ್ಲ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳನ್ನು ತೆಗೆದುಹಾಕಿ, ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಲು ದಾರಿ ಮಾಡಿಕೊಟ್ಟ ಮೇಲೆ ಹೊರಗಿನ ಹಣಕ್ಕೆ ಇದ್ದ ತಡೆಯೂ ಹೋಯಿತು.

ಹಾಗಾದರೆ ಬೆಳೆ ಕೈಕೊಟ್ಟ, ಸಾಲ ಹೊತ್ತ ರೈತ ತನ್ನ ಭೂಮಿಯನ್ನು ಮಾರಬಾರದೇ? ಈ ಪ್ರಶ್ನೆ ನ್ಯಾಯವಾದದ್ದು. ಅಣ್ಣತಮ್ಮಂದಿರು ಪಾಲಾಗಿ ಮಗನಿಗೊಂದು ಮನೆ ಕಟ್ಟಬೇಕೆಂದಾಗ ಪೋಡಿ, ನಕ್ಷೆ, ಪರಿವರ್ತನೆ ಎಂದು ಕಚೇರಿಯಿಂದ ಕಚೇರಿಗೆ ಅಲೆಯುವವನೂ ಅದೇ ರೈತ. ದಲ್ಲಾಳಿಯನ್ನು ಇಟ್ಟುಕೊಂಡ ಬಡಾವಣೆಗಾರನಿಗೆ ಆ ಅಲೆದಾಟವಿಲ್ಲ. ಮಾಧವ ಗಾಡ್ಗೀಳರ ನೇತೃತ್ವದ ಸಮಿತಿ 2011ರ ವರದಿಯಲ್ಲಿ, ಹೆಚ್ಚು ಸೂಕ್ಷ್ಮ ವಲಯಗಳಲ್ಲಿ ಕೃಷಿಭೂಮಿಯನ್ನು ಅನ್ಯ ಬಳಕೆಗೆ ಪರಿವರ್ತಿಸಬಾರದೆಂದು ಹೇಳುವಾಗಲೇ, ಸ್ಥಳೀಯ ಜನಸಂಖ್ಯೆ ಬೆಳೆದಂತೆ ಊರಿನ ವಸತಿ ಪ್ರದೇಶ ವಿಸ್ತರಿಸಲು ವಿನಾಯಿತಿ ಇಟ್ಟಿತ್ತು. ಊರಿನವರ ಮನೆಗೂ ವಾರಾಂತ್ಯದ ವಿಲ್ಲಾಗೂ ಇರುವ ಈ ವ್ಯತ್ಯಾಸವನ್ನು ಕಾನೂನು ಕಾಣಬೇಕು ಎಂಬುದೇ ನಮ್ಮ ವಾದದ ತಿರುಳು.

ಇದಕ್ಕೆ ಹೊಸ ಕಾಯ್ದೆಗಾಗಿ ಕಾಯಬೇಕಿಲ್ಲ. ಸಾರ್ವಜನಿಕ ಹಿತಕ್ಕೆ ವಿರುದ್ಧವಾದ ಪರಿವರ್ತನೆಯನ್ನು ನಿರಾಕರಿಸುವ ಅಧಿಕಾರವನ್ನು 95ನೇ ಕಲಮೇ ಜಿಲ್ಲಾಧಿಕಾರಿಗೆ ನೀಡಿದೆ. ಭೂಕುಸಿತ ಸಾಧ್ಯತೆಯ ನಕ್ಷೆಗಳನ್ನು ಭೂವೈಜ್ಞಾನಿಕ ಸರ್ವೇಕ್ಷಣೆ 1:50,000 ಪ್ರಮಾಣದಲ್ಲಿ ಸಿದ್ಧಪಡಿಸಿದೆ. ಅದರಲ್ಲಿ ಒಂದು ಸೆಂಟಿಮೀಟರ್ ಎಂದರೆ ನೆಲದ ಮೇಲೆ ಅರ್ಧ ಕಿಲೋಮೀಟರ್. ಆದ್ದರಿಂದ ಅಪಾಯದ ವಲಯವೆಂದು ಗುರುತಾದೆಡೆ ಭೂವಿಜ್ಞಾನಿಯ ಸ್ಥಳ ಪರಿಶೀಲನೆ ಕಡ್ಡಾಯವಾಗಲಿ. ಆ ಪರಿಶೀಲನೆಯ ವೆಚ್ಚವನ್ನೂ ತಡೆಗೋಡೆ, ನೀರಿಂಗಿಸುವ ವ್ಯವಸ್ಥೆಯ ವೆಚ್ಚವನ್ನೂ ಬಡಾವಣೆಗಾರನೇ ಮುಂಗಡವಾಗಿ ಠೇವಣಿ ಇಡಲಿ. ವಾಸಕ್ಕೆ ಮನೆ ಕಟ್ಟುವ ಊರಿನ ಕುಟುಂಬಕ್ಕೆ ಈ ಪರಿಶೀಲನೆ ಉಚಿತವಾಗಿ, ಗೊತ್ತುಪಡಿಸಿದ ಅವಧಿಯೊಳಗೆ ಆಗಲಿ.

ಗ್ರಾಮಸ್ಥರು ಬಡಾವಣೆಯ ಪ್ರತಿ ಅರ್ಜಿಯನ್ನೂ ಗ್ರಾಮಸಭೆಯ ಮುಂದಿಡುವಂತೆ ಪಂಚಾಯಿತಿಯನ್ನು ಒತ್ತಾಯಿಸಬೇಕು. ಒರತೆ, ತೋಡು, ಹಳ್ಳಗಳ ಪಟ್ಟಿಯನ್ನು ಜೀವವೈವಿಧ್ಯ ನಿರ್ವಹಣಾ ಸಮಿತಿಯ ದಾಖಲಾತಿಯಲ್ಲಿ ಬರೆಯಿಸಬೇಕು. ವಿದ್ಯಾರ್ಥಿಗಳು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ತಮ್ಮ ಹೋಬಳಿಯ ಪರಿವರ್ತನಾ ಆದೇಶಗಳನ್ನು ಪಡೆದು, ಊರಿನ ನಕ್ಷೆಯ ಮೇಲೆ ಗುರುತಿಸಲಿ. ಯಾವ ಹಳ್ಳದ ನೆತ್ತಿಯ ಮೇಲೆ ಎಷ್ಟು ಎಕರೆ ಕಡಿಯಲಾಗುತ್ತಿದೆ ಎಂಬುದು ಆಗ ಎಲ್ಲರ ಕಣ್ಣಿಗೂ ಬೀಳುತ್ತದೆ. ಮುಂದಿನ ಮುಂಗಾರಿಗೆ ಮೊದಲೇ ಈ ಕೆಲಸ ಆರಂಭವಾಗಲಿ.