ತಪ್ಪು ಪುಸ್ತಕದಲ್ಲಲ್ಲ, ನಾಲಗೆಯಲ್ಲಿ

ಮಗುವಿನ ಇಂಗ್ಲಿಷ್ ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಕಂಡರೆ ನಮ್ಮ ಬಾಯಲ್ಲಿ ಬರುವುದು ಒಂದೇ ಮಾತು: ‘ನೀನು ಸರಿಯಾಗಿ ಓದುವುದೇ ಇಲ್ಲ.’ ತಪ್ಪು ಎಲ್ಲಿಂದ ಬಂತು ಎಂದು ನಾವು ಕೇಳುವುದಿಲ್ಲ.

ಸೂಪಾ ಸೀಮೆಯನ್ನೇ ನೋಡಿ. ದಾಂಡೇಲಿ, ಹಳಿಯಾಳ, ಜೋಯಿಡಾ ಕಡೆಯ ಪೇಟೆಗಳಲ್ಲಿ ಕನ್ನಡ, ಕೊಂಕಣಿ, ಮರಾಠಿ, ಉರ್ದು ಎಲ್ಲವೂ ಕೇಳಿಸುತ್ತವೆ. ಕರಾವಳಿಯಿಂದ ಹೋಗಿ ನೆಲೆಸಿದ ನಮ್ಮವರ ಮನೆಯೊಳಗೆ ಬ್ಯಾರಿ. ಇಷ್ಟನ್ನೂ ದಾಟಿ ಶಾಲೆಗೆ ಹೋಗುವ ಮಗು ಇಂಗ್ಲಿಷನ್ನು ಮನೆಯ ನಾಲಗೆಯಲ್ಲೇ ಆಡುತ್ತದೆ, ಆಡಿದಂತೆ ಬರೆಯುತ್ತದೆ.

ನಾವು ‘ಎಗ್’ ಅನ್ನುವುದಿಲ್ಲ, ‘ಯೆಗ್’ ಅನ್ನುತ್ತೇವೆ. ಮುಂದಿನ ಪದ ಸ್ವರದಿಂದ ಶುರುವಾದರೆ ‘ಆ್ಯನ್’, ಇಲ್ಲದಿದ್ದರೆ ‘ಎ’ ಎಂಬುದು ಇಂಗ್ಲಿಷ್ ನಿಯಮ. ಅಲ್ಲಿ ಅಕ್ಷರ ಮುಖ್ಯವಲ್ಲ, ಉಚ್ಚಾರ ಮುಖ್ಯ. ಅದಕ್ಕೇ ‘ಆ್ಯನ್ ಅವರ್’, ಆದರೆ ‘ಎ ಯೂನಿವರ್ಸಿಟಿ’. ‘ಯೆಗ್’ ಎಂದು ಕೇಳಿದ ಮಗು ‘ಎ ಎಗ್’ ಎಂದು ಬರೆದರೆ ಅದು ದಡ್ಡತನವಲ್ಲ, ಕಿವಿಗೆ ಬಿದ್ದದ್ದನ್ನು ಬರೆದಿದೆ ಅಷ್ಟೇ. ‘ವಾಕ್ಡ್’ ಪದದ ಕೊನೆ ನುಂಗಿದರೆ ನಿನ್ನೆಯ ಕೆಲಸ ಇವತ್ತಿನದಾಗುತ್ತದೆ. ‘ಲಿವ್’ ಮತ್ತು ‘ಲೀವ್’ ಒಂದೇ ಆದರೆ, ಊರಲ್ಲಿ ಇರುವವನು ಊರು ಬಿಟ್ಟವನಾಗುತ್ತಾನೆ!

ಇದು ನಮಗೆ ಮಾತ್ರ ಬಂದ ಕಷ್ಟವಲ್ಲ. ಇಂಗ್ಲಿಷ್ ಮಾತೃಭಾಷೆಯವರೂ ‘ಶುಡ್ ಹ್ಯಾವ್’ ಬದಲು, ಕೇಳಿಸಿದಂತೆ ‘ಶುಡ್ ಆಫ್’ ಎಂದು ಬರೆಯುವುದುಂಟು. ‘ನೈಫ್’ ಪದದ ಮೊದಲ ‘ಕೆ’ಯನ್ನು ಹಿಂದೆ ಉಚ್ಚರಿಸುತ್ತಿದ್ದರು. ಬಾಯಿ ಅದನ್ನು ಬಿಟ್ಟಿತು, ಬರಹ ಬಿಡಲಿಲ್ಲ.

ನಮ್ಮ ಮಕ್ಕಳ ಹತ್ತಿರ ಒಂದು ಬಂಡವಾಳ ಉಂಟು, ನಾವೇ ಮರೆತಿದ್ದೇವೆ. ಮದ್ರಸದಲ್ಲಿ ಉಸ್ತಾದರು ‘ಸೀನ್’ ಬೇರೆ, ‘ಝಾಯ್’ ಬೇರೆ ಎಂದು ಕೂರಿಸಿ ತಿದ್ದುತ್ತಾರೆ. ‘ಖಲ್ಬ್’ ಎಂದರೆ ಹೃದಯ, ‘ಕಲ್ಬ್’ ಎಂದರೆ ನಾಯಿ. ಉಚ್ಚಾರ ತಪ್ಪಿದರೆ ಅರ್ಥ ಕೆಡುತ್ತದೆ ಎಂದು ಮಗುವಿಗೆ ಅಲ್ಲೇ ಗೊತ್ತಾಗಿದೆ. ಇಂಗ್ಲಿಷಿನ ‘ಅಡ್ವೈಸ್’, ‘ಅಡ್ವೈಝ್’ ನಡುವೆ ಇರುವುದೂ ಅದೇ ಸೀನ್, ಝಾಯ್ ವ್ಯತ್ಯಾಸ. ಮೊದಲನೆಯದು ಬುದ್ಧಿಮಾತು, ಬರೆಯುವುದು ‘ಸಿ’ ಅಕ್ಷರದಿಂದ. ಎರಡನೆಯದು ಬುದ್ಧಿ ಹೇಳುವ ಕೆಲಸ, ಬರೆಯುವುದು ‘ಎಸ್’ ಅಕ್ಷರದಿಂದ. ಬಾಯಲ್ಲಿ ಬೇರೆಯಾದರೆ ಕೈಯಲ್ಲೂ ಬೇರೆಯಾಗುತ್ತದೆ.

ಆದ್ದರಿಂದ ಉಮ್ಮ, ಉಪ್ಪಂದಿರಲ್ಲಿ ನಮ್ಮದೊಂದು ಮಾತು. ದಿನಕ್ಕೆ ಹತ್ತು ನಿಮಿಷ ಮಗು ಗಟ್ಟಿಯಾಗಿ ಓದಲಿ, ನೀವು ಕೇಳಿ. ನಿಮಗೆ ಇಂಗ್ಲಿಷ್ ಬಾರದಿದ್ದರೂ ಅಡ್ಡಿಯಿಲ್ಲ. ಪದದ ಕೊನೆ ನುಂಗಿದರೆ ‘ಇನ್ನೊಮ್ಮೆ ಹೇಳು’ ಅನ್ನಿ. ನಗಬೇಡಿ. ಒಮ್ಮೆ ನಗೆಪಾಟಲಾದ ಮಗು ಆಮೇಲೆ ತರಗತಿಯಲ್ಲಿ ಬಾಯಿ ತೆರೆಯುವುದಿಲ್ಲ. ಬಾಯಿ ತೆರೆಯದ ಮಗುವಿನ ತಪ್ಪು ತಿದ್ದಲು ಯಾವ ಟೀಚರಿಗೂ ಆಗುವುದಿಲ್ಲ.