ರೂಢಿ ಮೊದಲು, ಪಿಸ್ತೂಲು ಕಡೆಗೆ

ರೈತರ ಪತ್ರಿಕೆಯಲ್ಲಿ ಪಿಸ್ತೂಲಿನ ಮಾತು ಯಾಕೆ ಬಂತು ಅಂತ ಓದುಗ ಬಾಂಧವರು ಕೇಳಬಹುದು. ನಾನು ಬರೆಯುತ್ತಿರುವುದು ಹಂದಿ ಓಡಿಸುವ ಕೋವಿಯ ವಿಚಾರ ಅಲ್ಲ. 10 ಮೀಟರ್ ದೂರದ ಕಾಗದಕ್ಕೆ ಗುರಿ ಇಟ್ಟು ಹೊಡೆಯುವ ಗಾಳಿ ಪಿಸ್ತೂಲಿನ ಆಟದ ವಿಚಾರ. 2024ರಲ್ಲಿ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ ಮನು ಭಾಕರ್ ಎರಡು ಕಂಚು ಗೆದ್ದಳು. ಅದರಲ್ಲಿ ಒಂದು ಪದಕಕ್ಕೆ ಜೋಡಿಯಾಗಿದ್ದ ಸರಬ್ಜೋತ್ ಸಿಂಗ್ ಹರಿಯಾಣದ ಅಂಬಾಲ ಜಿಲ್ಲೆಯ ಧೀನ್ ಎಂಬ ಹಳ್ಳಿಯ ರೈತನ ಮಗ. ಟಿ.ವಿ.ಯಲ್ಲಿ ಇದನ್ನು ನೋಡಿದ ಮೇಲೆ ನಮ್ಮ ಕಡೆ ಹಳ್ಳಿಯ ಮಕ್ಕಳೂ "ನಾವೂ ಕಲೀತೀವಿ" ಅನ್ನತೊಡಗಿದ್ದಾರೆ. ನಮ್ಮ ಮನೆಯಲ್ಲೂ ಒಬ್ಬಳು ಅಂದಳು, ನನ್ನ ತಮ್ಮನ ಮಗಳು, ಪಿಯುಸಿ ಓದುವವಳು.

ಆಸೆ ತಪ್ಪಲ್ಲ. ಅದನ್ನು ಪೂರೈಸಲು ನಾವು ಹಿಡಿದ ದಾರಿ ತಪ್ಪಾಯಿತು. ಬೇರೆಯವರು ಅದೇ ತಗ್ಗಿಗೆ ಬೀಳಬಾರದು ಅಂತ ಇದನ್ನು ಬರೆಯುತ್ತಿದ್ದೇನೆ.

ನಾವು ಮಾಡಿದ ತಪ್ಪು

ಪಟ್ಟಣದ ರೇಂಜಿನಲ್ಲಿ ಹುಡುಗಿ ಎರಡು ವಾರ ಅವರದೇ ಪಿಸ್ತೂಲಿನಲ್ಲಿ ಕಲಿತಳು. ಕೈ ಕೂಡುತ್ತಿದೆ ಅನಿಸಿತು. ಹೊಸ ಪಿಸ್ತೂಲು ಒಂದೂವರೆ ಲಕ್ಷದ ಮೇಲೆ ಅಂದರು. "ಅಣ್ಣಾ, ಏನ್ ಮಾಡೋಣು?" ಅಂತ ತಮ್ಮ ನನ್ನನ್ನೇ ಕೇಳಿದ. ಹಿರಿಯನಾಗಿ ನಾನು "ತಗೊಂಡು ಬಿಡು" ಅಂದೆ. ಅವನ ಹೆಂಡತಿಯ ಬಂಗಾರ ಅಡವಿಟ್ಟು, ಒಬ್ಬರು ಬಳಸಿ ಬಿಟ್ಟದ್ದನ್ನು 95 ಸಾವಿರಕ್ಕೆ ತಂದೆವು. ಗಾಳಿ ತುಂಬುವ ಸಿಲಿಂಡರಿನ ಮೇಲೆ ತಯಾರಾದ ದಿನಾಂಕ ಇರುತ್ತದೆ, ಹತ್ತು ವರ್ಷ ಆದ ಮೇಲೆ ಸ್ಪರ್ಧೆಯಲ್ಲಿ ಅದನ್ನು ಬಳಸಲು ಬಿಡುವುದಿಲ್ಲ ಅನ್ನುವುದು ನಮಗೆ ಗೊತ್ತೇ ಇರಲಿಲ್ಲ. ಬೀಜದ ಚೀಲದ ಮೇಲಿನ ತಾರೀಖು ಓದುವ ನಾವು ಇದನ್ನು ಓದಲಿಲ್ಲ. ಅವಧಿ ಮುಗಿದದ್ದನ್ನೇ ಕೊಂಡಿದ್ದೆವು. ಹೊಸ ಸಿಲಿಂಡರಿಗೆ ಮತ್ತೆ ಹದಿನೆಂಟು ಸಾವಿರ ಹೋಯಿತು.

ದೊಡ್ಡ ನಷ್ಟ ಮುಂದೆ ಇತ್ತು. ಸ್ವಂತ ಪಿಸ್ತೂಲು ಬಂತಲ್ಲ, ಹುಡುಗಿ ದನದ ಕೊಟ್ಟಿಗೆಯ ಗೋಡೆಗೆ ಹಲಗೆ ನಿಲ್ಲಿಸಿ ದಿನಕ್ಕೆ ನೂರು, ನೂರೈವತ್ತು ಪೆಲೆಟ್ ಹೊಡೆಯತೊಡಗಿದಳು. ಹೆಚ್ಚು ಹೊಡೆದರೆ ಹೆಚ್ಚು ಕಲಿಯುತ್ತಾಳೆ ಅಂತ ನಾವೂ ಖುಷಿಪಟ್ಟೆವು. ಮೂರು ತಿಂಗಳಿಗೆ ಅಂಕ ಏರುವ ಬದಲು ಇಳಿಯಿತು. ರೇಂಜಿನಲ್ಲಿ ಕಲಿಸುವವರು ಸೈನ್ಯದಿಂದ ನಿವೃತ್ತರಾದವರು. ಹತ್ತು ಹೊಡೆತ ನೋಡಿ ನನಗೆ ಅಂದರು: "ಯಜಮಾನ್ರೇ, ಈ ಹುಡುಗಿ ಗುಂಡು ಹೊಡೀತಿಲ್ಲ, ಎಸೀತಿದಾಳೆ. ತಪ್ಪನ್ನೇ ದಿನಕ್ಕೆ ನೂರು ಸಲ ರೂಢಿ ಮಾಡಿದ್ದೀರಿ. ಇದನ್ನ ಬಿಡಿಸೋದು ಹೊಸದಾಗಿ ಕಲಿಸೋದಕ್ಕಿಂತ ಕಷ್ಟ." ಗುರಿ ಕೂಡಿತು ಅನಿಸಿದ ಕ್ಷಣಕ್ಕೆ "ಈಗ!" ಅಂತ ಟ್ರಿಗರ್ ಜಗ್ಗುವ ಚಟ ಅವಳಿಗೆ ಹತ್ತಿತ್ತು. ಮೂರು ವಾರ ಒಂದೂ ಪೆಲೆಟ್ ಮುಟ್ಟಬೇಡ ಅಂತ ಕಳಿಸಿದರು.

ಕೂರಿಗೆಯ ಸಾಲೇ ಇಲ್ಲಿಯೂ

ಯಾಕೆ ಹಾಗೆ ಅಂತ ನಾನು ಬೆನ್ನು ಹತ್ತಿ ಕೇಳಿದೆ. ತಿಳಿದದ್ದನ್ನು ಒಕ್ಕಲಿಗರ ಲೆಕ್ಕದಲ್ಲಿ ಹೇಳುತ್ತೇನೆ.

ಟಾರ್ಗೆಟ್ ಕಾಗದದ ಕರಿ ಬೊಟ್ಟು ಸುಮಾರು 6 ಸೆಂ.ಮೀ. ಅಗಲ. ಅದರ ನಡುವಿನ ಹತ್ತು ಅಂಕದ ವೃತ್ತ 11.5 ಮಿ.ಮೀ., ಅಂಗಿಯ ಗುಂಡಿಯಷ್ಟು. ಪಿಸ್ತೂಲಿನ ಮೇಲೆ ಹಿಂದೊಂದು ಸೀಳು, ಮುಂದೊಂದು ಕಡ್ಡಿ ಇರುತ್ತವೆ. ಅವಕ್ಕೆ ಸೈಟು ಅನ್ನುತ್ತಾರೆ. ಹಿಂದಿನ ಸೀಳಿನ ನಡುವೆ ಮುಂದಿನ ಕಡ್ಡಿ ಸರಿಯಾಗಿ ನಿಲ್ಲಬೇಕು, ಎರಡರ ತಲೆ ಸಮ ಇರಬೇಕು. ಇವೆರಡರ ನಡುವೆ ಇರುವುದು ಮೊಳಕ್ಕಿಂತ ಕಡಿಮೆ. ಅಷ್ಟರಲ್ಲಿ ಮುಂದಿನ ಕಡ್ಡಿ 1 ಮಿ.ಮೀ. ಓರೆಯಾದರೆ 10 ಮೀಟರಿಗೆ ಪೆಲೆಟ್ ಸುಮಾರು 3 ಸೆಂ.ಮೀ. ಆಚೆ ಬೀಳುತ್ತದೆ. ಹತ್ತು ಹೋಗಿ ಏಳಾಗುತ್ತದೆ. ಅದೇ ಸೈಟು ಸರಿ ಇದ್ದು ಇಡೀ ಕೈ 1 ಮಿ.ಮೀ. ಸರಿದರೆ ಪೆಲೆಟ್ ಸರಿಯುವುದೂ 1 ಮಿ.ಮೀ. ಮಾತ್ರ.

ಇದು ನಮಗೆ ಗೊತ್ತಿಲ್ಲದ ಮಾತೇ? ಬಿತ್ತುವಾಗ ಬದುವಿನ ಹತ್ತಿರ ಕೂರಿಗೆ ಎರಡು ಬೆರಳು ಓರೆ ಹಿಡಿದರೆ ಆಚೆ ಬದು ಮುಟ್ಟುವಷ್ಟರಲ್ಲಿ ಸಾಲು ಮಾರು ದೂರ ಹೋಗಿರುತ್ತದೆ. ಕೂರಿಗೆ ಸ್ವಲ್ಪ ಅಲುಗಿದರೆ ಬೆಳೆ ಕೆಡುವುದಿಲ್ಲ, ದಿಕ್ಕು ತಪ್ಪಿದರೆ ಕೆಡುತ್ತದೆ. ಪಿಸ್ತೂಲು ಹಿಡಿದ ಕೈಯೂ ಎಲ್ಲರದೂ ಅಲುಗುತ್ತದೆ, ಪದಕ ಗೆದ್ದವರದೂ ಅಲುಗುತ್ತದೆ. ಅಲುಗುವುದನ್ನು ನಿಲ್ಲಿಸಲು ಹೋಗಿ, ನಿಂತ ಕ್ಷಣಕ್ಕೆ ಟ್ರಿಗರ್ ಜಗ್ಗುವವನು ಸೈಟನ್ನೇ ಓರೆ ಮಾಡುತ್ತಾನೆ. ನಮ್ಮ ಹುಡುಗಿಗೆ ಆದದ್ದು ಇದೇ.

ಖರ್ಚಿಲ್ಲದ ರೂಢಿಗಳು

ಆ ಮೂರು ವಾರ, ಆಮೇಲೆ ಇಂದಿನವರೆಗೂ ಅವಳು ಮಾಡುತ್ತಿರುವುದು ಇಷ್ಟು.

ಬಿಳಿ ಗೋಡೆಯ ಅಭ್ಯಾಸ. ಪಿಸ್ತೂಲಿನಲ್ಲಿ ಪೆಲೆಟ್ ಇಲ್ಲ ಅಂತ ಎರಡು ಸಲ ನೋಡಿಕೊಳ್ಳುವುದು. ಸುಣ್ಣ ಹಚ್ಚಿದ ಗೋಡೆಯ ಮುಂದೆ ನಿಂತು, ಗುರಿ ಏನೂ ಇಲ್ಲದೆ, ಕಣ್ಣನ್ನು ಮುಂದಿನ ಸೈಟಿನ ಮೇಲೆಯೇ ಇಟ್ಟು ಟ್ರಿಗರನ್ನು ನಿಧಾನಕ್ಕೆ ಒತ್ತುವುದು. ಟಕ್ ಅಂದಾಗ ಸೈಟು ಕದಲಿತೋ ಇಲ್ಲವೋ ಅಂತ ನೋಡುವುದು. ಎದುರಿಗೆ ಕರಿ ಬೊಟ್ಟು ಇದ್ದರೆ ಕಣ್ಣು ಅದಕ್ಕೆ ಓಡುತ್ತದೆ, ಅದಕ್ಕೇ ಬರೀ ಗೋಡೆ. ಸ್ಪರ್ಧೆಯ ಪಿಸ್ತೂಲುಗಳಲ್ಲಿ ಗಾಳಿ ಬಿಡದೆ ಹೀಗೆ ಒತ್ತಲು ವ್ಯವಸ್ಥೆ ಇರುತ್ತದೆ. ಅಗ್ಗದ ಸ್ಪ್ರಿಂಗ್ ಪಿಸ್ತೂಲನ್ನು ಮಾತ್ರ ಪೆಲೆಟ್ ಇಲ್ಲದೆ ಸಿಡಿಸಬೇಡಿ, ವಾಷರ್ ಹಾಳಾಗುತ್ತದೆ.

ಕೆಳಗಿಳಿಸುವ ರೂಢಿ. ಕೈ ಎತ್ತಿ ಗುರಿಗೆ ಬಂದ ಮೇಲೆ ಎಂಟು-ಹತ್ತು ಸೆಕೆಂಡಿನೊಳಗೆ ಹೊಡೆತ ಹೋಗದಿದ್ದರೆ ಹೊಡೆಯಲೇಬಾರದು. ಕೈ ಇಳಿಸಿ, ಉಸಿರು ಬಿಟ್ಟು ಮತ್ತೆ ಎತ್ತಬೇಕು. ಸ್ಪರ್ಧೆಯಲ್ಲಿ 60 ಹೊಡೆತಕ್ಕೆ 75 ನಿಮಿಷ ಇರುತ್ತದೆ. ಅವಸರ ಇಲ್ಲ. ಎಲ್ಲಕ್ಕಿಂತ ಕಷ್ಟದ ರೂಢಿ ಇದೇ ಅಂತ ಹುಡುಗಿ ಹೇಳುತ್ತಾಳೆ.

ಕಾಲು ನಿಲ್ಲಿಸುವುದು. ಕಣ್ಣು ಮುಚ್ಚಿ ಕೈ ಎತ್ತಿ, ಆಮೇಲೆ ಕಣ್ಣು ಬಿಟ್ಟು ನೋಡಬೇಕು. ಕೈ ಎಡಕ್ಕೋ ಬಲಕ್ಕೋ ಇದ್ದರೆ ಕೈ ತಿರುಗಿಸಬಾರದು, ಕಾಲು ಸರಿಸಬೇಕು.

ಹೊಡೆದ ಮೇಲೂ ನಿಲ್ಲುವುದು. ಟ್ರಿಗರ್ ಬಿಟ್ಟ ಕೂಡಲೇ ತಲೆ ಎತ್ತಿ ಎಲ್ಲಿ ಬಿತ್ತು ಅಂತ ನೋಡಬಾರದು. ಎರಡು ಎಣಿಸುವಷ್ಟು ಹೊತ್ತು ಸೈಟನ್ನೇ ನೋಡುತ್ತಿರಬೇಕು.

ತಂಬಿಗೆ ನೀರು. ಉತ್ತರ ಪ್ರದೇಶದ ಬಾಗ್‌ಪತ್ ಜಿಲ್ಲೆಯ ಜೋಹ್ರಿ ಹಳ್ಳಿಯ ಚಂದ್ರೋ ತೋಮರ್ ಅನ್ನುವ ಅಜ್ಜಿಯ ಹೆಸರು ಕೇಳಿರಬಹುದು. ಅರವತ್ತು ದಾಟಿದ ಮೇಲೆ, 1999ರ ಸುಮಾರಿಗೆ ಮೊಮ್ಮಗಳ ಜೊತೆ ಹಳ್ಳಿಯ ರೇಂಜಿಗೆ ಹೋಗಿ ತಾನೇ ಕಲಿತವರು. ಊರವರು ನಕ್ಕರು. ಅಜ್ಜಿ ರಾತ್ರಿ ಯಾರೂ ನೋಡದಾಗ ನೀರು ತುಂಬಿದ ಜಗ್ಗನ್ನು ಕೈ ಚಾಚಿ ಹಿಡಿದು ತೋಳು ಗಟ್ಟಿ ಮಾಡಿಕೊಂಡರು. ಮುಂದೆ ಹಲವು ಪದಕ ಗೆದ್ದರು. 2021ರಲ್ಲಿ ಕೊರೊನಾದಿಂದ ತೀರಿಕೊಂಡರು. ನಮ್ಮ ಹುಡುಗಿಯೂ ತಂಬಿಗೆ ಹಿಡಿಯುತ್ತಾಳೆ. ಪಿಸ್ತೂಲಿನ ತೂಕ ಒಂದೂವರೆ ಕಿಲೋ ಮೀರಬಾರದು ಅಂತ ನಿಯಮ, ಆದ್ದರಿಂದ ತಂಬಿಗೆಯೂ ಅಷ್ಟರೊಳಗೇ ಇರಲಿ. ಭುಜ ನೋಯಿಸಿಕೊಂಡರೆ ತಿಂಗಳು ಹೋಗುತ್ತದೆ.

ನೋಟ್‌ಬುಕ್. ಪ್ರತಿ ಹೊಡೆತ ಎಲ್ಲಿ ಬೀಳುತ್ತದೆ ಅಂತ ನೋಡುವ ಮೊದಲೇ ಬಾಯಲ್ಲಿ ಹೇಳಿ, ಆಮೇಲೆ ನೋಡಿ ಬರೆಯುವುದು. ಹೇಳಿದ್ದೂ ಬಿದ್ದದ್ದೂ ಕೂಡಿದರೆ ಕಣ್ಣು ಸರಿ ಕೆಲಸ ಮಾಡುತ್ತಿದೆ ಅಂತ ಅರ್ಥ. ಮೊದಲು ಹೊಡೆತಗಳು ಒಂದೇ ಕಡೆ ಗುಂಪಾಗಿ ಬೀಳಲಿ. ಗುಂಪು ಎಡಕ್ಕಿದ್ದರೂ ಚಿಂತೆ ಇಲ್ಲ, ಸೈಟಿನ ತಿರುಪು ತಿರುಗಿಸಿ ನಡುವಿಗೆ ತರಬಹುದು. ಚದುರಿ ಬೀಳುವುದಕ್ಕೆ ಯಾವ ತಿರುಪೂ ಇಲ್ಲ.

ದುಡ್ಡಿನ ಲೆಕ್ಕ

ಒಂದು ಡಬ್ಬಿಯಲ್ಲಿ ಸಾಮಾನ್ಯವಾಗಿ 500 ಪೆಲೆಟ್ ಇರುತ್ತವೆ. ದಿನಕ್ಕೆ 150 ಹೊಡೆದರೆ ಮೂರು ದಿನಕ್ಕೆ ಡಬ್ಬಿ ಖಾಲಿ, ತಿಂಗಳಿಗೆ ಒಂಬತ್ತು ಡಬ್ಬಿ. ಈಗ ಅವಳು ದಿನಾ ಇಪ್ಪತ್ತು ನಿಮಿಷ ಗೋಡೆಯ ಅಭ್ಯಾಸ ಮಾಡಿ, ವಾರಕ್ಕೆ ಎರಡೇ ದಿನ ಅರವತ್ತರಂತೆ ಪೆಲೆಟ್ ಹೊಡೆಯುತ್ತಾಳೆ. ತಿಂಗಳಿಗೆ ಒಂದು ಡಬ್ಬಿ. ವರ್ಷದ ಹಿಂದೆ ಅರವತ್ತು ಹೊಡೆತಕ್ಕೆ 480ರ ಆಸುಪಾಸು ಬರುತ್ತಿತ್ತು, ಈಗ 530 ಮುಟ್ಟುತ್ತದೆ. ಪದಕ ಏನೂ ಬಂದಿಲ್ಲ, ಬರುತ್ತದೆ ಅಂತ ನಾನೂ ಹೇಳುವುದಿಲ್ಲ. ಒಂಬತ್ತು ಡಬ್ಬಿ ಕಲಿಸದ್ದನ್ನು ಒಂದು ಡಬ್ಬಿ ಕಲಿಸಿತು, ಅಷ್ಟೇ ನಾನು ಹೇಳುವುದು. ಮೊನ್ನೆ ನಾನು ಎದುರಿಗೆ ಕೂತಿದ್ದಾಗ, "ದೊಡ್ಡಪ್ಪಾ, ಇವತ್ತ ಮನಸು ನಿಲ್ಲವಲ್ದು, ಇಪ್ಪತ್ತಕ್ಕ ಸಾಕು" ಅಂತ ತಾನೇ ಪಿಸ್ತೂಲು ಪೆಟ್ಟಿಗೆಗೆ ಹಾಕಿದಳು. ಅದೂ ಒಂದು ರೂಢಿಯೇ.

ಹಾಗಾಗಿ ನನ್ನ ಅಭಿಪ್ರಾಯ ಇದು. ಮೊದಲ ಆರು ತಿಂಗಳು, ಆದರೆ ಒಂದು ವರ್ಷ, ಸ್ವಂತ ಪಿಸ್ತೂಲು ಬೇಡ. ಹಲವು ರೇಂಜುಗಳಲ್ಲಿ ಅವರದೇ ಪಿಸ್ತೂಲು ಬಾಡಿಗೆಗೆ ಸಿಗುತ್ತದೆ. ಮಗುವಿಗೆ ಒಂದು ನೋಟ್‌ಬುಕ್, ಚಪ್ಪಟೆ ತಳದ ಬೂಟು, ಬಸ್ಸಿನ ಚಾರ್ಜು ಕೊಡಿ. ವರ್ಷವಿಡೀ ಯಾರೂ ಹೇಳದೆ ತಂಬಿಗೆ ಹಿಡಿದು ನಿಂತರೆ ಆಗ ಕೊಡಿಸುವ ಮಾತು. ನಿಲ್ಲದಿದ್ದರೆ ನಿಮ್ಮ ಬಂಗಾರ ನಿಮ್ಮ ಮನೆಯಲ್ಲೇ ಉಳಿಯಿತು. ಪದಕ ಬರುತ್ತದೆ, ನೌಕರಿ ಸಿಗುತ್ತದೆ ಅಂತ ಸಾಲ ಮಾಡಿದರೆ ಆ ಸಾಲದ ಭಾರ ಮಗುವಿನ ಬೆರಳಿನ ಮೇಲೆ ಕೂರುತ್ತದೆ. ನಮ್ಮ ಹುಡುಗಿ ಜಗ್ಗಿದ್ದಕ್ಕೆ ಅವಳ ಅವ್ವನ ಬಂಗಾರದ ಚಿಂತೆಯೂ ಒಂದು ಕಾರಣ ಅಂತ ನನಗೆ ಈಗ ಅನಿಸುತ್ತದೆ.

ಮನೆಯವರು ಮರೆಯಬಾರದ್ದು

ಕಾನೂನಿನ ಮಾತು ಒಂದಿದೆ. ಪೆಲೆಟ್ 4.5 ಮಿ.ಮೀ.ನದು, ಹೊಡೆತದ ಬಲ 20 ಜೌಲ್‌ ಒಳಗಿನದು ಆದ ಗಾಳಿ ಪಿಸ್ತೂಲಿಗೆ 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿ ಬೇಕಿಲ್ಲ. ಆದರೂ ರಸೀದಿ ಜೋಪಾನ ಇಡಿ, ಪೆಟ್ಟಿಗೆಯಲ್ಲಿ ಮುಚ್ಚಿಕೊಂಡೇ ಬಸ್ಸಿಗೆ ಒಯ್ಯಿರಿ.

ಪರವಾನಗಿ ಬೇಡ ಅಂದ ಮಾತ್ರಕ್ಕೆ ಅದು ಆಟಿಕೆ ಅಲ್ಲ. ಕಣ್ಣಿಗೆ ಬಡಿದರೆ ಕಣ್ಣೇ ಹೋಗುತ್ತದೆ. ಖಾಲಿ ಇದ್ದರೂ ತುಂಬಿದೆ ಅಂತಲೇ ತಿಳಿಯಬೇಕು. ಮೂತಿ ಯಾವಾಗಲೂ ಗುರಿಯ ಕಡೆಗೇ ಇರಬೇಕು. ಹೊಡೆಯುವ ಕ್ಷಣದವರೆಗೆ ಬೆರಳು ಟ್ರಿಗರಿನ ಹೊರಗಿರಬೇಕು. ಹಕ್ಕಿ, ಮಂಗನ ಮೇಲೆ ಗುರಿ ಇಡುವ ಹುಡುಗನ ಕೈಯಿಂದ ಅದೇ ದಿನ ಕಿತ್ತುಕೊಳ್ಳಿ. ಕಾಡುಪ್ರಾಣಿಗೆ ಹೊಡೆಯುವುದು 1972ರ ವನ್ಯಜೀವಿ ಕಾಯಿದೆಯಡಿ ಅಪರಾಧ.

ಇನ್ನೊಂದು ಮಾತು ನಮ್ಮಂಥವರಿಗೇ. ಪೆಲೆಟ್ ಸೀಸದ್ದು, ಸೀಸ ವಿಷ. ಹೊಡೆದ ಮೇಲೆ ಕೈ ತೊಳೆಯದೆ ರೊಟ್ಟಿ ಮುಟ್ಟಬಾರದು. ಕೊಟ್ಟಿಗೆಯಲ್ಲಿ ನಾವು ಮಾಡಿದ್ದು ಇನ್ನೊಂದು ದಡ್ಡತನ. ಪೆಲೆಟ್ ಚೂರು ಮೇವಿಗೆ ಬಿದ್ದರೆ ದನ ತಿನ್ನುತ್ತದೆ, ಅಂಗಳಕ್ಕೆ ಬಿದ್ದರೆ ಕೋಳಿ ಹೆಕ್ಕುತ್ತದೆ. ಗುರಿಯ ಹಿಂದೆ ಪೆಲೆಟ್ ಹಿಡಿಯುವ ಗಟ್ಟಿ ಪೆಟ್ಟಿಗೆ ಇಲ್ಲದೆ ಮನೆಯಲ್ಲಿ ಹೊಡೆಯಲೇಬಾರದು. ಗೋಡೆಯ ಅಭ್ಯಾಸಕ್ಕೆ ಈ ಯಾವ ಕಾಟವೂ ಇಲ್ಲ.

"ಇದು ಸಿರಿವಂತರ ಆಟ, ನಮಗ್ಯಾಕೆ" ಅನ್ನುವವರಿದ್ದಾರೆ. ಬೆಂಗಳೂರಿನ ದಿವ್ಯಾ ಟಿ.ಎಸ್. 2023ರಲ್ಲಿ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಇದೇ ಆಟದಲ್ಲಿ ಬೆಳ್ಳಿ ತಂದರು. ಅವರು ನಗರದವರು ಅನ್ನಬಹುದು. ಮೀರತ್ ಜಿಲ್ಲೆಯ ಕಲೀನಾ ಎಂಬ ಹಳ್ಳಿಯ ಸೌರಭ್ ಚೌಧರಿ ರೈತನ ಮಗ, 2018ರಲ್ಲಿ ಪಾಲೆಂಬಾಂಗ್‌ನಲ್ಲಿ 16ನೇ ವಯಸ್ಸಿಗೆ ಚಿನ್ನ ಗೆದ್ದ. ಪಿಸ್ತೂಲು ದುಬಾರಿ, ಒಪ್ಪುತ್ತೇನೆ. ಆದರೆ ಕಾಯುವುದು, ಒಂದೇ ಕೆಲಸವನ್ನು ಬೇಸರಿಲ್ಲದೆ ದಿನಾ ಮಾಡುವುದು, ಹದ ಬರಲಿಲ್ಲ ಅಂದರೆ ಬಿತ್ತದೆ ಹಿಂದೆ ಬರುವುದು, ಇವನ್ನು ಒಣ ಬೇಸಾಯದ ಮನೆಯ ಮಕ್ಕಳಿಗೆ ಹೊರಗಿನವರು ಕಲಿಸಬೇಕಿಲ್ಲ. ಆ ಬಂಡವಾಳ ನಮ್ಮಲ್ಲಿದೆ. ಅದನ್ನು ಮೊದಲು ಹೂಡೋಣ, ಬಂಗಾರ ಆಮೇಲೆ ನೋಡೋಣ.

ಮಕ್ಕಳಿಗೆ ಈ ಆಟ ಕಲಿಸುತ್ತಿರುವ ರೈತರು ಬೇರೆ ಊರುಗಳಲ್ಲೂ ಇರಬಹುದು. ಅವರೂ ತಮ್ಮ ಅನುಭವ ಬರೆದರೆ ನಮ್ಮ ಹುಡುಗಿಗೂ ದಾರಿ ಕಂಡೀತು.