ಚಪ್ಪಡಿಗೆ ದುಡ್ಡಿಲ್ಲ, ಕಾರಂಜಿಗೆ ಇದೆ

ನಮ್ಮ ಬೀದಿಯ ಮೋರಿಯ ಚಪ್ಪಡಿ ಒಡೆದು ಎರಡು ಮಳೆಗಾಲ ಕಳೆದವು. ಮಕ್ಕಳು ಬೀಳದಿರಲೆಂದು ಎದುರುಮನೆಯ ಅಜ್ಜಿ ಅದರ ಮೇಲೆ ಹಳೇ ಬಾಗಿಲೊಂದನ್ನು ಹಾಸಿದ್ದಾರೆ. ನಾನು ಪಾಲಿಕೆಗೆ ಕೊಟ್ಟ ಮೂರೂ ಅರ್ಜಿಗಳಿಗೆ ಸ್ವೀಕೃತಿ ಮೊಹರು ಬಿದ್ದಿದೆ, ಅಷ್ಟೇ. ಕೇಳಿದರೆ ‘ಅನುದಾನ ಇಲ್ಲ’ ಅನ್ನುತ್ತಾರೆ. ಈ ನಡುವೆಯೇ ಪಕ್ಕದ ವೃತ್ತಕ್ಕೆ ಕಾರಂಜಿ ಬಂತು. ಅದನ್ನು ಕೇಳಿದ್ದು ಯಾರು?

ಇಂಥ ಪ್ರಶ್ನೆ ಕೇಳಲು ಜನರಿಗೊಂದು ಜಾಗ ಬೇಕು. ಸಂವಿಧಾನದ 74ನೇ ತಿದ್ದುಪಡಿಯ ಪ್ರಕಾರ 3 ಲಕ್ಷ ಮತ್ತು ಅದಕ್ಕಿಂತ ಹೆಚ್ಚು ಜನರಿರುವ ನಗರಗಳಲ್ಲಿ ವಾರ್ಡ್ ಸಮಿತಿ ಇರಲೇಬೇಕು. ಬ್ರೆಜಿಲ್‌ನ ಪೋರ್ಟೊ ಅಲೆಗ್ರೆಯಲ್ಲಿ 1989ರಿಂದಲೇ ಜನ ಸಭೆ ಸೇರಿ, ಯಾವ ಕಾಮಗಾರಿ ಮೊದಲು ಎಂದು ತಾವೇ ಹೇಳತೊಡಗಿದರು. ನೀರು, ಚರಂಡಿ ಮುಂದೆ ಬಂದವು. ನಮ್ಮಲ್ಲೂ ತಿಂಗಳಿಗೊಮ್ಮೆ ವಾರ್ಡ್ ಸಭೆ ನಡೆಯಲಿ. ಕಾಮಗಾರಿ ಪಟ್ಟಿ, ಮೊತ್ತ, ಗುತ್ತಿಗೆದಾರರ ಹೆಸರು ಗೋಡೆಗೆ ಅಂಟಲಿ. ಆ ಸಭೆಯಲ್ಲಿ ಅಜ್ಜಿಗೆ ಮೊದಲ ಸಾಲಿನಲ್ಲೇ ಕುರ್ಚಿ ಹಾಕಿ.